ತಡವರಿಕೆಯ ತಾಲೀಮು

ಸಭಾಪಾಲಕರು ಹೆಸರು ಕರೆದೊಡನೆ ಟೋರ್ಮೋಡ್ ಎದ್ದು ನಿಲ್ಲಲಿಲ್ಲ. ಅಷ್ಟು ಬೇಗ ಏಳಬಾರದೆಂದು ಅವನು ಮೊದಲೇ ನಿಶ್ಚಯಿಸಿಕೊಂಡಿದ್ದನು.

ಲೂಯಿಸ್ ದ್ವೀಪದಲ್ಲಿ, ಚರ್ಚಿನಲ್ಲಿ ಪವಿತ್ರ ರೊಟ್ಟಿ ಹಂಚುವ ಕರ್ತನ ಭೋಜನದ ಭಾನುವಾರಕ್ಕೆ ಮುಂಚಿನ ಶುಕ್ರವಾರ, ಗಂಡಸರು ಒಬ್ಬೊಬ್ಬರಾಗಿ ಎದ್ದು, ದೇವರ ಕೃಪೆ ಹೊಂದಿದವನ ಗುರುತೇನು ಎಂಬ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಹೇಳಬೇಕು. ಟೋರ್ಮೋಡನಿಗೆ ಮಾತು ಸಲೀಸು. ಬೈಬಲಿನ ವೇದವಾಕ್ಯಗಳು ಕರೆಯದೆಯೇ ನಾಲಿಗೆಗೆ ಬರುತ್ತಿದ್ದವು. ಆದರೆ ಕಳೆದ ವರ್ಷ ಪಕ್ಕದ ಮನೆಯ ಫಿನ್ಲೇ ಎದ್ದು, “ನನ್ನ ಕೈಲೇನೂ ಆಗಲ್ಲ… ಆತ ಹಿಡ್ಕೊಂಡಿದಾನೆ, ಅಷ್ಟೇ” ಎಂದು ತೊದಲಿ ಕುಳಿತಾಗ ಸಭೆಯೇ ಕಣ್ಣೊರೆಸಿಕೊಂಡಿತ್ತು. ಟೋರ್ಮೋಡನ ಹೆಂಡತಿ ಕರ್ಸ್ಟಿ ಕೂಡ. ನೆರೆಯವನ ಮನೆಯನ್ನಾಗಲಿ ಕುರಿಮಂದೆಯನ್ನಾಗಲಿ ಎಂದೂ ಆಶಿಸದೆ ಬಾಳಿದ್ದ ಟೋರ್ಮೋಡ್ ಅಂದಿನಿಂದ ಫಿನ್ಲೇಯ ದೌರ್ಬಲ್ಯವನ್ನು ಆಶಿಸತೊಡಗಿದನು.

ವಸಂತವೆಲ್ಲ, ಜೌಗುನೆಲದಲ್ಲಿ ಉರುವಲಿನ ಮಣ್ಣು ಕೊಯ್ಯುತ್ತ, ಎಲ್ಲಿ ನಿಲ್ಲಬೇಕು, ಎಲ್ಲಿ ಗಂಟಲು ಕಟ್ಟಬೇಕು ಎಂದು ಕುರಿಗಳೆದುರು ತಾಲೀಮು ನಡೆಸಿದ್ದನು. ಅದು ಕರ್ಸ್ಟಿಯ ಕಿವಿಗೆ ಬಿದ್ದಿತ್ತು. “ಕುರಿಗಳು ಅತ್ತವಾ?” ಎಂದಷ್ಟೇ ಕೇಳಿದ್ದಳು.

ಈಗ ಅವನು ಮೆಲ್ಲಗೆ ಎದ್ದು, ತಾನು ಬಲಹೀನನೆಂದನು. ಎಣಿಸಿದ್ದ ಜಾಗದಲ್ಲೇ ತಡವರಿಸಿ, ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಕುಳಿತನು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಕರ್ಸ್ಟಿ ಮಾತ್ರ ಕಿಟಕಿಯಾಚೆಯ ಕಡಲನ್ನು ನೋಡುತ್ತಿದ್ದಳು.

ಆರಾಧನೆ ಮುಗಿದ ಮೇಲೆ ಚರ್ಚಿನ ಕಲ್ಲುಗೋಡೆಯ ಬಳಿ ಫಿನ್ಲೇ ಕಾದಿದ್ದನು. ಟೋಪಿಯನ್ನು ಕೈಯಲ್ಲಿ ಹಿಸುಕುತ್ತಿದ್ದನು.

“ನಿಂಗೊಂದು ಹೇಳ್ಬೇಕು. ಹೇಳ್ದೆ ಭಾನುವಾರ ರೊಟ್ಟಿ ಮುಟ್ಟೋಕಾಗಲ್ಲ.”

“ಏನದು?”

“ಶಾಲೆಗೆ ಹೋಗ್ತಿದ್ದ ಕಾಲದಿಂದ್ಲೂ ನಿನ್ನ ಮಾತು ಕೇಳಿದ್ರೆ ನಂಗೆ ಹೊಟ್ಟೆಕಿಚ್ಚು. ಇವತ್ತು ನೀನು ಎದ್ದಾಗ, ಕರ್ತನೇ, ಒಂದೇ ಒಂದು ಸಲ ಇವನೂ ತಡವರಿಸ್ಲಿ ಅಂತ ಬೇಡ್ಕೊಂಡೆ. ನೀನು ತಡವರಿಸ್ದೆ. ಖುಷಿಯಾಗಿಬಿಡ್ತು ಕಣೋ. ಕ್ಷಮಿಸಿಬಿಡು.”

ಕ್ಷಮೆಯ ಮಾತು, ಅದಕ್ಕೊಪ್ಪುವ ವೇದವಾಕ್ಯದೊಡನೆ, ಟೋರ್ಮೋಡನ ತುಟಿಯವರೆಗೆ ಬಂದಿತು. ಅದನ್ನು ಆಡಿದ್ದರೆ ದೊಡ್ಡ ಮನುಷ್ಯನಾಗಿ ಮನೆ ಸೇರಬಹುದಿತ್ತು. ಸ್ವಲ್ಪ ದೂರದಲ್ಲಿ ಕರ್ಸ್ಟಿ, ತಲೆವಸ್ತ್ರ ಗಾಳಿಗೆ ಹಾರದಂತೆ ಹಿಡಿದು, ಇತ್ತ ತಿರುಗದೆ ನಿಂತಿದ್ದಳು. ಅವನು ಆ ಮಾತನ್ನು ನುಂಗಿಕೊಂಡನು.

“ಅದು ತಡವರಿಕೆಯಲ್ಲ ಕಣೋ,” ಎಂದನು. “ಕಲಿತು ಬಂದಿದ್ದು. ನಿನ್ನನ್ನ ನೋಡಿ.”

ಫಿನ್ಲೇಯ ಕೈ ಟೋಪಿಯ ಮೇಲೆ ನಿಂತುಹೋಯಿತು. “ಹಾಗಾದ್ರೆ, ನಿಂಗೂ ಹೊಟ್ಟೆಕಿಚ್ಚಾ?”

“ಹೂಂ. ಈಗ್ಲೂ ಉರೀತಿದೆ,” ಎಂದನು ಟೋರ್ಮೋಡ್. “ನಾನು ಹೇಳ್ಬೇಕಾಗಿದ್ದನ್ನೂ ನೀನೇ ಮೊದಲು ಹೇಳಿಬಿಟ್ಟೆಯಲ್ಲ.”