ಕಾವಲಿನ ಪರೀಕ್ಷೆ

ಕಾಲೇಜಿನ ಸೆಕ್ಯೂರಿಟಿಯವರು ಎಷ್ಟು ಚುರುಕಾಗಿದ್ದಾರೆಂದು ನೋಡಲು ಪ್ರಿನ್ಸಿಪಾಲರು ಗುಟ್ಟಾಗಿ ಒಂದು ಪರೀಕ್ಷೆ ಇಟ್ಟಿದ್ದರು. ಕಳ್ಳನ ಪಾತ್ರಕ್ಕೆ ನಾಟಕದವರೊಬ್ಬರನ್ನು ಫೋನಿನಲ್ಲೇ ಗೊತ್ತುಮಾಡಿದ್ದರು.

ಮಧ್ಯಾಹ್ನ ಸೆಕ್ಯೂರಿಟಿ ಬೋರಲಿಂಗ ಒಬ್ಬನನ್ನು ಕಾಲರ್ ಹಿಡಿದು ಎಳೆದುಕೊಂಡು ಬಂದ. ಆಸಾಮಿಯ ಕಂಕುಳಲ್ಲಿ ಸೆಮಿನಾರ್ ಹಾಲಿನ ಪ್ರೊಜೆಕ್ಟರ್ ಇತ್ತು.

"ಸಾರ್, ಹಿಂದಿನ ಕಾಂಪೌಂಡ್ ಹಾರ್ತಿದ್ದ. ಪೊಲೀಸಿಗೆ ಫೋನ್ ಮಾಡ್ಲಾ?"

"ಬಿಡಯ್ಯ ಅವರನ್ನ. ನಾನೇ ಕರೆಸಿದ್ದು, ನಿಮ್ಮನ್ನ ಪರೀಕ್ಷೆ ಮಾಡೋಕೆ. ನೀನು ಪಾಸಾದೆ."

ಬೋರಲಿಂಗನಿಗೆ ಕೈ ಬಿಡಲು ಮನಸ್ಸಿಲ್ಲ. "ಕಾಲಿಗೆ ಬಿದ್ದು ಅಳ್ತಿದ್ದ ಸಾರ್."

"ಅದಕ್ಕೇ ಅವರನ್ನ ಕಲಾವಿದರು ಅನ್ನೋದು."

ಪ್ರಿನ್ಸಿಪಾಲರು ಆತನಿಗೆ ಕುರ್ಚಿ ತೋರಿಸಿ ಕಾಫಿ ತರಿಸಿದರು. ಆತ ನಡುಗುವ ಕೈಯಲ್ಲೇ ಕುಡಿದ.

"ನೋಡು, ಇನ್ನೂ ಪಾತ್ರದಿಂದ ಹೊರಗೇ ಬಂದಿಲ್ಲ," ಎಂದು ಮೆಚ್ಚಿಕೊಂಡರು. "ಹೋಗ್ತಾ ಆ ಪ್ರೊಜೆಕ್ಟರನ್ನ ಅದರ ಜಾಗದಲ್ಲಿ ಇಟ್ಟುಬಿಡಿ."

"ಆಗ್ಲಿ ಸಾರ್," ಎಂದು ಆತ ಕೈಮುಗಿದು ಹೊರಟ. ಬೋರಲಿಂಗ ಬಾಗಿಲು ತೆರೆದು ಸೆಲ್ಯೂಟ್ ಹೊಡೆದ.

ಸ್ವಲ್ಪ ಹೊತ್ತಿಗೆ ಪ್ರಿನ್ಸಿಪಾಲರ ಫೋನ್ ಬಡಿದುಕೊಂಡಿತು.

"ಸಾರ್, ನಾನು ನಾಟಕದವನು. ದಾರೀಲಿ ಬಸ್ಸು ಕೆಟ್ಟು ನಿಂತಿದೆ. ಕಳ್ಳತನಕ್ಕೆ ನಾಳೆ ಬಂದ್ರೆ ನಡೆಯುತ್ತಾ?"