ಊಟ ಆಯ್ತಾ?

ಚುನಾವಣೆಯಲ್ಲಿ ಸೋತವರ ದನಿಯನ್ನು ಹರಾಜು ಹಾಕುವುದು ಆ ದೇಶದ ವಾಡಿಕೆ. ಅಧ್ಯಕ್ಷಗಿರಿಗೆ ನಿಲ್ಲಲು ಹೋಗಿ ತನ್ನ ಪಕ್ಷದೊಳಗೇ ಸೋತ ಜವರಪ್ಪನ ದನಿ ಎದುರು ಪಕ್ಷದ ಅಭ್ಯರ್ಥಿಯ ಪಾಲಾಗಿತ್ತು. ಮೂಗನಾದ ಜವರಪ್ಪ, ತನ್ನ ಬಾವುಟ ಹಿಡಿದೇ ತಲೆ ನರೆತ ಸಣ್ಣತಾಯಮ್ಮನ ಜಗಲಿಯ ಮೇಲೆ ಕುಳಿತಿದ್ದಾಗಲೇ ಅವಳ ಫೋನಿನಲ್ಲಿ ಅವನದೇ ದನಿ ಮಾತಾಡಿತು.

"ತಾಯವ್ವಾ, ಈ ಸಲ ನನ್ನ ಹೊಸ ಪಕ್ಷಕ್ಕೆ ಓಟು ಹಾಕ್ತೀಯಲ್ಲ?"

ಫೋನಿಗೆ 'ಆಯ್ತು' ಎಂದರೆ ಓಟು ಬಿದ್ದಂತೆಯೇ. ಸಣ್ಣತಾಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು.

ದನಿ ಮೆತ್ತಗಾಯಿತು. "ಹೋಗ್ಲಿ ಬಿಡವ್ವ. ಊಟ ಆಯ್ತಾ?"

ಇಷ್ಟು ವರ್ಷ ಅವನು ಹಾಗೆ ಕೇಳಿದಾಗಲೆಲ್ಲ ಕೊಟ್ಟ ಉತ್ತರವೇ ಬಾಯಿಗೆ ಬಂತು.

"ಆಯ್ತಣ್ಣ."

"ಓಟು ದಾಖಲಾಗಿದೆ, ವಂದನೆಗಳು" ಎಂದಿತು ಅದೇ ದನಿ.

ಅವಳ ಬಾಯಿ ಮುಚ್ಚಲೆಂದು ಜವರಪ್ಪ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.