ಗಾಜಿನೊಳಗಿನ ಫೋನು

ಗಾಜಿನ ಪೆಟ್ಟಿಗೆಯೊಳಗಿದ್ದ ಹಳೇ ಕಪ್ಪು ಫೋನು ಸಂಸ್ಥೆಯ ಸಮಾರಂಭದಲ್ಲಿ ಅತಿಥಿಗಳ ಭಾಷಣದ ನಡುವೆ ಬಡಿದುಕೊಳ್ಳತೊಡಗಿತು. ಕೂತವರೆಲ್ಲ ನಕ್ಕರು. ಕಾರ್ಯದರ್ಶಿ ಮಾತ್ರ ನಗಲಿಲ್ಲ.

ಅವಳ ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡ ವರ್ಷ, ದೊಡ್ಡಮ್ಮ ಇದೇ ಫೋನಿನ ನಂಬರನ್ನು ಆಸ್ಪತ್ರೆಗಳ ಗೋಡೆಗೆ ಅಂಟಿಸಿ ಬಂದಿದ್ದರು: ‘ಹೆದರಿಕೆಯಾದರೆ ಮಾತಾಡಿ.’ ಸಂಸ್ಥೆ ಹುಟ್ಟಿದ್ದು ಹಾಗೆ. ಈಗ ಪಕ್ಕದಲ್ಲಿ ಸಂಶೋಧನಾಲಯವೇ ಎದ್ದಿದೆ, ಫೋನ್ ಮಾಡುವವರಿಗೆ ಹೊಸ ನಂಬರು, ಹೊಸ ವಿಭಾಗ. ಹಳೆಯದನ್ನು ಚರಿತ್ರೆಯೆಂದು, ಇದ್ದ ಜಾಗದಲ್ಲೇ ಗಾಜು ಹೊದಿಸಿ ಬೀಗ ಹಾಕಿಸಿದವಳು ಅವಳೇ. ಲೈನ್ ತೆಗೆಸಲು ಮರೆತವಳೂ ಅವಳೇ. ಬೀಗದ ಕೈ ಪೆಟ್ಟಿಗೆ ಮಾಡಿದ ಬಡಗಿಯ ಜೇಬಿನಲ್ಲಿತ್ತು. ಬಡಗಿ ಊಟಕ್ಕೆ ಹೋಗಿದ್ದ.

ದೊಡ್ಡಮ್ಮ, ಅತಿಥಿಗಳು ತಮಗೆ ಆಗತಾನೇ ಕೊಟ್ಟಿದ್ದ ಹಿತ್ತಾಳೆಯ ಸ್ಮರಣಿಕೆಯನ್ನು ಎದೆಗವಚಿಕೊಂಡು ಪೆಟ್ಟಿಗೆಯ ಹತ್ತಿರ ಬಂದರು. “ತೆಗಿ.”

“ಬಿಡಿ ದೊಡ್ಡಮ್ಮ, ಎಲ್ರೂ ನೋಡ್ತಿದಾರೆ. ಬೇಕಾದ್ರೆ ಆಮೇಲೆ ಮತ್ತೆ ಮಾಡ್ತಾರೆ.”

“ಇಲ್ಲಿಗೆ ಮಾಡೋರು ಇರೋಬರೋ ಧೈರ್ಯ ಎಲ್ಲ ಸೇರಿಸಿ ಒಂದೇ ಸಲ ಮಾಡೋದು ಕಣೆ. ಇನ್ನೊಂದು ಸಲ ಮಾಡಲ್ಲ.”

ಅವರು ಗಾಜಿಗೆ ಹೊಡೆಯಲು ಸ್ಮರಣಿಕೆ ಎತ್ತಹೋದರು. ಅದರ ಭಾರಕ್ಕೆ ಕೈ ಮೇಲೇಳಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಈಗ ಯಾರೂ ನಗುತ್ತಿರಲಿಲ್ಲ. ಯಾವ ಕ್ಷಣದಲ್ಲಾದರೂ ನಿಂತುಹೋಗಬಹುದು. ಕಾರ್ಯದರ್ಶಿ ಅತಿಥಿಗಳತ್ತ ಒಮ್ಮೆ ನೋಡಿದಳು. ಆಮೇಲೆ ದೊಡ್ಡಮ್ಮನ ಕೈಯಿಂದ ಸ್ಮರಣಿಕೆ ಕಿತ್ತುಕೊಂಡು, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಗಾಜಿಗೆ ಅಪ್ಪಳಿಸಿದಳು.

ಚೂರುಗಳ ನಡುವಿನಿಂದ ದೊಡ್ಡಮ್ಮ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಯಾರೋ ಬಿಕ್ಕುವುದಷ್ಟೇ ಕೇಳಿಸಿತು.

“ಅಳು ಮಗು,” ಎಂದರು. “ನಾನು ಫೋನ್ ಇಡಲ್ಲ.”